ಇಸಬ್‌ಗೋಲ್ ತಗೊಂಡರೂ ಹೊಟ್ಟೆ ಕಲ್ಲಿನಂತೆ ಗಟ್ಟಿ: ಕರುಳಿನ ಚಲನೆಗೆ ಇನ್ನೇನು ಸೇರಿಸಬಹುದು?

ಮಲ್ಲೇಶ್ವರಂ_ಮನೆ
ಅಮ್ಮನಿಗೆ 61 ವರ್ಷ. ಮೂರು ದಿನಕ್ಕೊಮ್ಮೆ ಹೊಟ್ಟೆ ಖಾಲಿಯಾದರೆ ಹೆಚ್ಚು, ಸಂಜೆಯಾದರೆ ಉಬ್ಬರ. ಈಗಿನ ಕ್ರಮ: ಬೆಳಗ್ಗೆ 6ಕ್ಕೆ ಥೈರಾಯ್ಡ್ ಮಾತ್ರೆ, ಕಾಲು ಗಂಟೆಗೆ ಫಿಲ್ಟರ್ ಕಾಫಿ, ಅದರ ಹಿಂದೆಯೇ ಅರ್ಧ ಲೋಟ ನೀರಲ್ಲಿ ಎರಡು ದೊಡ್ಡ ಚಮಚ ಇಸಬ್‌ಗೋಲ್. 8ಕ್ಕೆ ತಿಂಡಿ, ಆಮೇಲೆ ಕಬ್ಬಿಣ ಮತ್ತು ಕ್ಯಾಲ್ಸಿಯಂ ಮಾತ್ರೆ ಒಟ್ಟಿಗೆ. ಮೆಗ್ನೀಸಿಯಂ, ತ್ರಿಫಲಾ, ಶುಂಠಿ ಇವುಗಳಲ್ಲಿ ಯಾವುದನ್ನು ಸೇರಿಸಿದರೆ ಒಳ್ಳೆಯದು? ಎಷ್ಟು?

ಔಷಧಿ_ಕೌಂಟರ್
ಸೇರಿಸೋದು ಆಮೇಲೆ. ಮೊದಲು ಇರೋದನ್ನ ಬಿಡಿಸಿ ಇಡಿ, ಯಾಕಂದ್ರೆ ನೀವು ಬರೆದ ಬೆಳಗಿನ ಕ್ರಮದಲ್ಲೇ ತೊಂದರೆ ಕಾಣ್ತಿದೆ. ಕಾಫಿ, ಇಸಬ್‌ಗೋಲ್, ಕಬ್ಬಿಣ, ಕ್ಯಾಲ್ಸಿಯಂ, ಈ ನಾಲ್ಕೂ ಥೈರಾಯ್ಡ್ ಮಾತ್ರೆ ರಕ್ತಕ್ಕೆ ಸೇರೋದನ್ನ ತಡೀತವೆ. ಮಾತ್ರೆ ಸರಿಯಾಗಿ ಸೇರದಿದ್ರೆ ಥೈರಾಯ್ಡ್ ಕಮ್ಮಿಯಾಗಿ ಕರುಳು ಇನ್ನೂ ನಿಧಾನ ಆಗತ್ತೆ. ಅಂದ್ರೆ ಮಲಬದ್ಧತೆಗೆ ಅಂತ ಕೊಡ್ತಿರೋ ಇಸಬ್‌ಗೋಲೇ ಸುತ್ತಿ ಬಳಸಿ ಮಲಬದ್ಧತೆ ಹೆಚ್ಚಿಸಬಹುದು.

ಥೈರಾಯ್ಡ್ ಮಾತ್ರೆ ಬರೀ ನೀರಲ್ಲಿ. ಕಾಫಿಗೆ ಕನಿಷ್ಠ ಅರ್ಧ ಗಂಟೆ ಬಿಡಿ, ಒಂದು ಗಂಟೆ ಬಿಟ್ಟರೆ ಇನ್ನೂ ಮೇಲು. ಕಬ್ಬಿಣ, ಕ್ಯಾಲ್ಸಿಯಂಗೆ 4 ಗಂಟೆ ಅಂತರ ಬೇಕು. ಅವೆರಡನ್ನೂ ಒಟ್ಟಿಗೆ ಕೊಡಬೇಡಿ: ಒಂದು ಮಧ್ಯಾಹ್ನ, ಒಂದು ರಾತ್ರಿ. ಎರಡೂ ಮಲ ಗಟ್ಟಿ ಮಾಡೋ ಮಾತ್ರೆಗಳೇ. ಕಬ್ಬಿಣ ಇನ್ನೂ ಬೇಕಾ, ದಿನ ಬಿಟ್ಟು ದಿನ ಸಾಕಾ ಅಂತ ಬರೆದುಕೊಟ್ಟ ಡಾಕ್ಟರನ್ನ ಕೇಳಿ. ಹೊಸ ಸಮಯಕ್ಕೆ ಬಂದ 6ರಿಂದ 8 ವಾರಕ್ಕೆ ಟಿಎಸ್‌ಎಚ್ (ಥೈರಾಯ್ಡ್ ಮಟ್ಟ ತಿಳಿಸೋ ರಕ್ತಪರೀಕ್ಷೆ) ಮಾಡಿಸಿ, ಡೋಸ್ ಬದಲಾಯಿಸಬೇಕಾಗಬಹುದು.

ಸೊಪ್ಪಿನ_ಸಾರು
ಇಸಬ್‌ಗೋಲ್ ಕೊಡುತ್ತಿರುವ ರೀತಿಯೂ ತಪ್ಪು. ಒಂದು ಚಮಚ ಹಾಕಿ ಕಲಕಿ ಐದು ನಿಮಿಷ ಲೋಟ ಹಾಗೇ ಇಟ್ಟು ನೋಡಿ. ನೀರನ್ನೆಲ್ಲ ಹೀರಿ ಚಮಚ ನಿಲ್ಲುವಷ್ಟು ಲೋಳೆಯಾಗುತ್ತದೆ. ಅರ್ಧ ಲೋಟ ನೀರಿಗೆ ಎರಡು ಚಮಚ ಹಾಕಿದರೆ ಒಳಗೆ ಹೋಗಿ ಇದೇ ಗಟ್ಟಿ ಮುದ್ದೆ. ಒಂದು ದೊಡ್ಡ ಚಮಚದಿಂದ (ಸುಮಾರು 5 ಗ್ರಾಂ) ಮತ್ತೆ ಶುರು ಮಾಡಿ. ಪೂರ್ತಿ ಒಂದು ಲೋಟ, ಅಂದರೆ 250 ಮಿಲಿ ನೀರಲ್ಲಿ ಕಲಕಿದ ಕೂಡಲೇ ಕುಡಿಯಬೇಕು, ಮೇಲೆ ಇನ್ನೊಂದು ಲೋಟ ನೀರು. ಮಲಗುವ ಹೊತ್ತಿಗೆ ಬೇಡ, ಸಂಜೆ 5ರ ಸುಮಾರಿಗೆ ಕೊಡಿ. ಬೇರೆ ಮಾತ್ರೆಗಳಿಂದ 2 ಗಂಟೆ ದೂರ ಇರಲಿ. ವಾರ ಕಳೆದು ಉಬ್ಬರ ಇಲ್ಲದಿದ್ದರೆ ಮಾತ್ರ ಪ್ರಮಾಣ ಏರಿಸಿ. ನುಂಗುವಾಗ ಗಂಟಲಲ್ಲಿ ಸಿಕ್ಕುವವರಿಗೆ ಇಸಬ್‌ಗೋಲ್ ಕೊಡಲೇಬಾರದು.

ಶುಂಠಿ ಕೆಲಸ ಮಾಡುವುದು ಜಠರದ ಮೇಲೆ. ಊಟವಾಗಿ ಹೊತ್ತಾದರೂ ಹೊಟ್ಟೆ ಭಾರ ಎನ್ನುವವರಿಗೆ ಊಟಕ್ಕೆ ಮುಂಚೆ ಅರ್ಧ ಟೀ ಚಮಚದಷ್ಟು, 1 ಗ್ರಾಂ ಒಣಶುಂಠಿ ಪುಡಿ ಬಿಸಿನೀರಲ್ಲಿ ಸಾಕು. ದೊಡ್ಡ ಕರುಳಲ್ಲಿ ನಿಂತ ಮಲಕ್ಕೆ ಅದರಿಂದ ಹೆಚ್ಚು ನಿರೀಕ್ಷಿಸಬೇಡಿ. ರಕ್ತ ತೆಳುವಾಗಿಸುವ ಮಾತ್ರೆ ಇದ್ದರೆ ಡಾಕ್ಟರನ್ನು ಕೇಳದೆ ಕೊಡಬೇಡಿ.

ಗಂಟೆಗೊಂದು ಸಲ ಬಿಸ್ಕತ್ತು, ಚಕ್ಲಿ, ಟೀ ಅಭ್ಯಾಸವಿದ್ದರೆ ಉಬ್ಬರಕ್ಕೆ ಅದೂ ಒಂದು ಕಾರಣ. ಹೊಟ್ಟೆ ಖಾಲಿ ಇದ್ದಾಗ ಸುಮಾರು 90ರಿಂದ 120 ನಿಮಿಷಕ್ಕೊಮ್ಮೆ ಜಠರದಿಂದ ಸಣ್ಣ ಕರುಳಿನ ಕೊನೆಯವರೆಗೆ ಒಂದು ಅಲೆ ಎದ್ದು, ಉಳಿದ ಚೂರುಪಾರನ್ನೆಲ್ಲ ಗುಡಿಸಿಕೊಂಡು ಹೋಗುತ್ತದೆ. ಹೊಟ್ಟೆಗೆ ಆಹಾರ ಬಿದ್ದ ತಕ್ಷಣ ಅದು ನಿಂತುಹೋಗುತ್ತದೆ. ಊಟ ತಿಂಡಿಗಳ ನಡುವೆ 4 ಗಂಟೆ ಬಿಡುವು ಕೊಡಿ.

ಊಟದಲ್ಲಿ ಅನ್ನದ ಪಾಲು ಇಳಿಸಿ. 100 ಗ್ರಾಂ ರಾಗಿ ಹಿಟ್ಟಿನಲ್ಲಿ ನಾರು ಸುಮಾರು 11 ಗ್ರಾಂ, ಪಾಲಿಶ್ ಅಕ್ಕಿಯಲ್ಲಿ 3 ಗ್ರಾಂನಷ್ಟು. ಮಧ್ಯಾಹ್ನ ಒಂದು ಮುದ್ದೆ, ದಂಟಿನ ಸೊಪ್ಪು ಹೆಸರುಕಾಳಿನ ಬಸ್ಸಾರು, ಪಲ್ಯ ಇದ್ದರೆ ಯಾವ ಪುಡಿಗೂ ಕಮ್ಮಿಯಿಲ್ಲ. ಹಣ್ಣಲ್ಲಿ ದಿನಕ್ಕೆ 2 ಹಸಿರು ಕಿವಿ ಹಣ್ಣು, ಇಲ್ಲವೇ ಬೆಳಗ್ಗೆ 50 ಗ್ರಾಂ, ಸಂಜೆ 50 ಗ್ರಾಂ ಪ್ರೂನ್ಸ್ (ಒಣಗಿಸಿದ ಪ್ಲಮ್ ಹಣ್ಣು). ಇಸಬ್‌ಗೋಲ್ ಜೊತೆ ಹೋಲಿಸಿದ ಪ್ರಯೋಗದಲ್ಲಿ ಪ್ರೂನ್ಸೇ ಮೇಲುಗೈ ಸಾಧಿಸಿತ್ತು. ಅದರಲ್ಲಿರುವ ಸಾರ್ಬಿಟಾಲ್ ಎಂಬ ಸಕ್ಕರೆಯಂಥ ಅಂಶ ಕರುಳಿಗೆ ನೀರೆಳೆಯುತ್ತದೆ. ಸಕ್ಕರೆ ಕಾಯಿಲೆ ಇದ್ದರೆ ಕಿವಿಯೇ ಇರಲಿ.

ಗ್ರಂಧಿಗೆ_ಅಂಗಡಿ
ತ್ರಿಫಲಾ ಅಂದ್ರೆ ಅಳಲೆಕಾಯಿ, ತಾರೆಕಾಯಿ, ನೆಲ್ಲಿಕಾಯಿ, ಮೂರೇ. ರಾತ್ರಿ 3 ಗ್ರಾಂ ಬಿಸಿನೀರಲ್ಲಿ ತಗೋಬಹುದು. ಆದ್ರೆ ಡಬ್ಬದ ಹಿಂದೆ ಓದದೆ ಕೊಳ್ಳಬೇಡಿ. "ಹೊಟ್ಟೆ ಸಾಫ್" ಅಂತ ಮಾರೋ ಎಷ್ಟೋ ಚೂರ್ಣಗಳಲ್ಲಿ ಕೆಲಸ ಮಾಡೋದು ಸೋನಾಮುಖಿ (ಸೆನ್ನಾ ಎಲೆ). ಅದು ಕರುಳನ್ನ ಬಲವಂತವಾಗಿ ಹಿಂಡತ್ತೆ, ಹೊಟ್ಟೆ ನುಲಿಯತ್ತೆ. ಅಪರೂಪಕ್ಕೆ ಸರಿ, ಡಾಕ್ಟರ್ ಹೇಳದೆ ತಿಂಗಳುಗಟ್ಟಲೆ ಸಲ್ಲದು.

ಮಲ್ಲೇಶ್ವರಂ_ಮನೆ
ಎಲ್ಲರಿಗೂ ಧನ್ಯವಾದ. ಕ್ರಿಯಾಟಿನಿನ್ (ಕಿಡ್ನಿಯ ರಕ್ತಪರೀಕ್ಷೆ) 0.8, ಸಕ್ಕರೆ ಕಾಯಿಲೆ ಇಲ್ಲ. ಮೆಗ್ನೀಸಿಯಂ ಬಗ್ಗೆ? ಮಲ ಮೆತ್ತಗಿರುವ ದಿನವೂ ತುಂಬಾ ತಿಣುಕಬೇಕು ಅಂತಾರೆ. ಮನೇಲಿರೋದು ಕಮೋಡ್.

ಔಷಧಿ_ಕೌಂಟರ್
ಕಿಡ್ನಿ ಸರಿಯಿದ್ರೆ ಮೆಗ್ನೀಸಿಯಂ ಕೊಡಬಹುದು. ಮಾತ್ರೆಯಲ್ಲಿ ಸಿಟ್ರೇಟ್ ಅಥವಾ ಆಕ್ಸೈಡ್ ಇರಲಿ, ಗ್ಲೈಸಿನೇಟ್ ಮಲ ಸಡಿಲಿಸೋದು ಕಮ್ಮಿ. ಲೇಬಲ್‌ನಲ್ಲಿ ಇಡೀ ಲವಣದ ತೂಕ ಬೇರೆ, ಅದರೊಳಗಿನ ಮೆಗ್ನೀಸಿಯಂ ತೂಕ ಬೇರೆ. ನೋಡಬೇಕಾದ್ದು ಎರಡನೆಯದು. ರಾತ್ರಿ 200 ಮಿ.ಗ್ರಾಂನಿಂದ ಶುರು ಮಾಡಿ, ಡಾಕ್ಟರ್ ಹೇಳದೆ 350 ದಾಟಬೇಡಿ. ಥೈರಾಯ್ಡ್ ಮಾತ್ರೆಗೂ ಇದಕ್ಕೂ 4 ಗಂಟೆ ಅಂತರ ಬೇಕೇ ಬೇಕು. ಭೇದಿಯಾದ್ರೆ ನಿಲ್ಲಿಸಿ. ಇಸಬ್‌ಗೋಲ್ ಸರಿಮಾಡಿ ಎರಡು ವಾರ ನೋಡಿದ ಮೇಲೆ ಇದು, ಎರಡನ್ನೂ ಒಂದೇ ದಿನ ಶುರು ಮಾಡಿದ್ರೆ ಯಾವುದರಿಂದ ಏನಾಯ್ತು ಅಂತ ತಿಳಿಯಲ್ಲ.

ಸೊಪ್ಪಿನ_ಸಾರು
ಕಾಲಡಿಗೆ ಒಂದು ಮಣೆ ಇಡಿ, 15ರಿಂದ 20 ಸೆಂ.ಮೀ. ಎತ್ತರ. ಮಂಡಿ ಸೊಂಟಕ್ಕಿಂತ ಮೇಲೆ ಬಂದು, ಮೈ ಸ್ವಲ್ಪ ಮುಂದಕ್ಕೆ ಬಾಗಿದರೆ ಗುದನಾಳದ ಬಾಗು ನೇರವಾಗುತ್ತದೆ. ತಿಂಡಿ ಕಾಫಿಯಾದ ಅರ್ಧ ಗಂಟೆಯೊಳಗೆ ದೊಡ್ಡ ಕರುಳು ತಾನಾಗಿ ಚುರುಕಾಗುತ್ತದೆ, ಆಗ ಕೂರಲಿ, ಐದು ಹತ್ತು ನಿಮಿಷ ಸಾಕು. ಮೆತ್ತಗಿದ್ದರೂ ತಿಣುಕಬೇಕೆಂದರೆ ಕೆಳಗಿನ ಸ್ನಾಯುಗಳು ಸಡಿಲವಾಗುವ ಬದಲು ಬಿಗಿಯುತ್ತಿರಬಹುದು. ಅದಕ್ಕೆ ಯಾವ ನಾರೂ ಪುಡಿಯೂ ಮದ್ದಲ್ಲ. ಗ್ಯಾಸ್ಟ್ರೋಎಂಟರಾಲಜಿಸ್ಟ್ (ಜೀರ್ಣಾಂಗ ತಜ್ಞರು) ಹತ್ತಿರ ಪರೀಕ್ಷೆ ಮಾಡಿಸಿ ಬಯೋಫೀಡ್‌ಬ್ಯಾಕ್ (ಆ ಸ್ನಾಯುಗಳನ್ನು ಸಡಿಲಿಸಲು ಕಲಿಸುವ ತರಬೇತಿ) ಬಗ್ಗೆ ಕೇಳಿ. ಈ ತೊಂದರೆ ಇತ್ತೀಚಿನದಾದರೆ, ತೂಕ ಇಳಿದಿದ್ದರೆ, ಮಲದಲ್ಲಿ ರಕ್ತ ಕಂಡರೆ ಮೇಲಿನ ಯಾವುದನ್ನೂ ಮಾಡುತ್ತಾ ಕೂರದೆ ಮೊದಲು ಅಲ್ಲಿಗೇ ಹೋಗಿ. ಕಬ್ಬಿಣದ ಮಾತ್ರೆಯಿಂದ ಮಲ ಕಪ್ಪಾಗುವುದುಂಟು. ಆದರೆ ಡಾಂಬರಿನಂತೆ ಅಂಟಾಗಿ, ಕೆಟ್ಟ ನಾತ ಬಂದರೆ ಅದು ಮಾತ್ರೆಯ ಬಣ್ಣ ಎಂದು ಬಿಡಬೇಡಿ, ಅದೇ ದಿನ ತೋರಿಸಿ.