ಎರಡ ದಿನದಾಗ ಮೂರು ಬೇಸ್‌ಬಾಲ್ ಮ್ಯಾಚ್, ಪಿಚರ್ (ಚೆಂಡ ಒಗಿಯಾಂವ) ಮಾತ್ರ ಒಬ್ಬನ. ಈಗ ಮೊಣಕೈ ಕೈ ಕೊಟ್ಟೇತಿ, ಏನ್ ಮಾಡೋದ್ರಿ?

ಮಾಸ್ಕ್_ಎಲ್ಲೈತಿ (ಧಾರವಾಡ):
ನಮಸ್ಕಾರ್ರಿ ಎಲ್ಲಾರಿಗೂ. ನಾ ಇಲ್ಲೇ ಧಾರವಾಡದಾಗ ಬಿ.ಕಾಂ ಓದಾಕತ್ತೇನಿ, ಕಾಲೇಜ್ ಬೇಸ್‌ಬಾಲ್ ಟೀಮಿನ್ಯಾಗ ಕ್ಯಾಚರ್, ಅಂದ್ರ ಬ್ಯಾಟ್ ಬೀಸಾವನ ಹಿಂದ ಕುಂತು ಚೆಂಡ ಹಿಡಿಯಾಂವ. ಹೌದ್ರಿ, ಧಾರವಾಡದಾಗ ಬೇಸ್‌ಬಾಲೂ ಆಡ್ತೀವಿ, ನಗಬ್ಯಾಡ್ರಿ. ನಮ್ಮ ಸೀಸನ್ ಅಂದ್ರ ಎರಡ ತಿಂಗಳ ಪ್ರಾಕ್ಟೀಸು, ಅದರಾಗ ಅರ್ಧ ಮಳಿಗೆ ಹೋಗ್ತೈತಿ, ಆಮ್ಯಾಲ ಇಂಟರ್ ಕಾಲೇಜ್ ಟೂರ್ನಮೆಂಟ್ ಎರಡ ದಿನ, ಮುಗೀತು. ಈ ಸಲ ಮೊದಲನೇ ದಿನ ಎರಡೂ ಮ್ಯಾಚ್ ಗೆದ್ವಿ, ಮರುದಿನ ಫೈನಲ್‌ನಾಗ 3-11 ಸೋತ್ವಿ.

ಸೋತಿದ್ದು ಇರ್ಲಿ ಬಿಡ್ರಿ. ಮೂರೂ ಮ್ಯಾಚಿಗೆ ನಮ್ಮ ಕಡೆ ಪಿಚರ್ ಒಬ್ಬನ, ನನ್ನ ದೋಸ್ತ. ಹುಬ್ಬಳ್ಳಿ ನೆಹರೂ ಮೈದಾನದಾಗ ಟೆನಿಸ್ ಬಾಲ್ ಕ್ರಿಕೆಟ್ ಆಡಕೋಂತ ಬೆಳದಾಂವ, ಫಾಸ್ಟ್ ಬೌಲರ್. ಫೈನಲ್‌ನಾಗ ಮೂರನೇ ಇನ್ನಿಂಗ್ಸಿಗೇ ನನ್ನ ಗ್ಲೌಸಿನ್ಯಾಗ ಚೆಂಡು ಬೀಳೋ ಸಪ್ಪಳ ಬದಲಾತು, ಹಿಂದಿನ ದಿನ ಫಟ್ ಅಂತಿದ್ದದ್ದು ಈಗ ಹಸಿ ಅರಬಿ ಕಲ್ಲಮ್ಯಾಲ ಬಿದ್ದಂಗ ತಪ್ ತಪ್. ನಾಕನೇದ್ರಾಗ ಸಾಲಾಗಿ ಮೂರು ವಾಕ್ (ನಾಕ ಬಾಲ್ ದಾರಿ ತಪ್ಪಿದ್ರ ಬ್ಯಾಟ್ ಹಿಡದಾಂವಗ ಪುಕ್ಕಟ ಒಂದ ಬೇಸ್), ಬೇಸ್ ಎಲ್ಲಾ ಫುಲ್, ನಾ ಟೈಮ್ ಕೇಳಿ ಮೌಂಡಿಗೆ ಹೋದ್ರ (ಮೌಂಡ್ ಅಂದ್ರ ನಾವ ಬುಟ್ಟಿಲೆ ಮಸಾರಿ ಮಣ್ಣ ಹೊತ್ತ ಹಾಕಿದ ದಿಬ್ಬ) ಅಂವ ಕೈ ಬಗಲಾಗ ಒತ್ತಿ ಹಿಡ್ಕೊಂಡ ನಿಂತಿದ್ದ. "ಏನೂ ಆಗಿಲ್ಲ, ನಡಿಯಲೇ ಹಿಂದ" ಅಂದ.

ಈಗ ಹತ್ತ ದಿನ ಆತು. ಮೊಣಕೈ ಒಳಮಗ್ಗಲಿಗೆ ನೋವು, ಚಾದ ಕಪ್ಪೂ ಎಡಗೈಲೆ ಎತ್ತತಾನ. ಮುಂದಿನ ವಾರ ಯೂನಿವರ್ಸಿಟಿ ಟೀಮ್ ಸೆಲೆಕ್ಷನ್ ಐತಿ. ಸರ್ ಕೇಳಿದ್ರ ಮುಲಾಮ ಹಚ್ಚಿ ಬ್ಯಾಂಡೇಜ್ ಸುತ್ತಕೊಂಡ ಹೋಗಂತಾರ. ಹೋಗಬೇಕೋ ಬ್ಯಾಡೋ? ಇನ್ನೊಂದು, ಎರಡನೇ ಪಿಚರ್‌ನ ಎಲ್ಲಿಂದ ಹುಡುಕೋದ್ರಿ, ನಮ್ಮಲ್ಲಿ ಉಳದಾರೆಲ್ಲಾ ಬ್ಯಾಟಿಂಗಿಗೆ ಮಾತ್ರ ಬರಾವರು.

ಬೆಟಗೇರಿ_ಬಾಯ್ (ಗದಗ):
ನಂಗ ಬೇಸ್‌ಬಾಲ್ ಅಷ್ಟಕ್ಕಷ್ಟ. ವನ್‌ಡೇದಾಗ ಬೌಲರ್ 10 ಓವರ್ ಹಾಕಿದ್ರ 60 ಬಾಲ್ ಆತು, ನಿಮ್ಮಂವ ಎಷ್ಟ ಹಾಕ್ಯಾನ?

ಮಾಸ್ಕ್_ಎಲ್ಲೈತಿ:
ಛಲೋ ಕೇಳಿದ್ರಿ, ನಾನೂ ಎಣಿಸಿದ್ದಿಲ್ಲ. ಈಗ ಸ್ಕೋರ್ ಬುಕ್ ತಗದ ಕುಂತು ಎಣಿಸಿದೆ. ಮೊದಲನೇ ದಿನ ಎರಡೂ ಮ್ಯಾಚ್ ಕೂಡಿ 148, ಮರುದಿನ 71. ವಾರ್ಮ್ ಅಪ್ ಬ್ಯಾರೆ. ಬರದ ನೋಡಿದ್ಮ್ಯಾಲ ನನಗ ಹೊಟ್ಟ್ಯಾಗ ಒಂಥರಾ ಆತು.

ಹಳೇ_ಶಾರ್ಟ್‌ಸ್ಟಾಪ್ (ಹಾವೇರಿ):
ತಮ್ಮಾ, ಸೆಲೆಕ್ಷನ್ ಮಾತ ಆಮ್ಯಾಲ, ಮೊದಲ ಅವನ್ನ ಎಲುಬಿನ ಡಾಕ್ಟರ್ ಕಡೆ ಕರಕೊಂಡ ಹೋಗು. ನಾ ಪಿ.ಇ. ಮಾಸ್ತರ್, ಹಿಂದಕ ನಾನೂ ಆಡೇನಿ. ಅಮೇರಿಕಾದ ಎಂ.ಎಲ್.ಬಿ.ದವರದು (ಅಲ್ಲಿನ ದೊಡ್ಡ ಬೇಸ್‌ಬಾಲ್ ಲೀಗ್) ಪಿಚ್ ಸ್ಮಾರ್ಟ್ ಅಂತ ಒಂದ ಲೆಕ್ಕ ಐತಿ, 19ರಿಂದ 22 ವಯಸ್ಸಿನವರಿಗೆ ದಿನಕ್ಕ 120 ಬಾಲ್ ದಾಟಬಾರದು, 81 ದಾಟಿದ್ರ ನಾಕ ದಿನ, 106 ದಾಟಿದ್ರ ಐದ ದಿನ ಕೈಗೆ ರಜಾ. ನಿಮ್ಮಂವ 148 ಹಾಕಿ ರಾತ್ರಿ ಮಲಗಿ ಎದ್ದು ಮತ್ತ 71 ಹಾಕ್ಯಾನ!

ಕ್ರಿಕೆಟಿನ್ಯಾಗ ಕೈ ನೆಟ್ಟಗ ತಿರಗತೈತಿ, ಒಂದಿಷ್ಟು ಜೋರು ಓಡಿ ಬಂದದ್ದರಿಂದ ಸಿಗತೈತಿ. ಇಲ್ಲಿ ನಿಂತಲ್ಲಿಂದ, ಮೊಣಕೈ ಮಡಚಿ, ಬಾರಕೋಲ ಬೀಸಿದಂಗ ಒಗೀಬೇಕು. ಆ ಜಗ್ಗಾಟ ಬಾಳಷ್ಟು ಮೊಣಕೈ ಒಳಮಗ್ಗಲಿನ ಲಿಗಮೆಂಟ್ (ಎಲುಬಿಗೆ ಎಲುಬು ಕಟ್ಟಿ ಹಿಡಿಯೋ ಪಟ್ಟಿ) ಮ್ಯಾಲ ಬೀಳತೈತಿ, ನೀ ಹೇಳಿದ ಜಾಗಾನ ಅದು. ಹರೀತಂದ್ರ ಟಾಮಿ ಜಾನ್ ಸರ್ಜರಿ ಅಂತಾರ, 1974ರಾಗ ಆ ಹೆಸರಿನ ಪಿಚರ್‌ಗ ಮೊದಲ ಮಾಡಿದ್ದು, ಮಾಡಿಸ್ಕೊಂಡ್ರ ವರ್ಷ ಕುಂಡ್ರಬೇಕು. ನಿಮ್ಮ ಹುಡುಗಗ ಅದ ಆಗೇತಿ ಅಂತ ನಾ ಹೇಳಾಕತ್ತಿಲ್ಲ, ಮುಲಾಮಿಲೆ ಮುಚ್ಚಬ್ಯಾಡ್ರಿ ಅಂತೇನಿ ಅಷ್ಟ.

ಗೋಕುಲ್_ರೋಡ್ (ಹುಬ್ಬಳ್ಳಿ):
ಮಾಸ್ತರ ಹೇಳೋದು ಖರೇ, ಆದ್ರ ನಮ್ಮ ಹುಡುಗೂರಿಗೆ ಯೂನಿವರ್ಸಿಟಿ ಸರ್ಟಿಫಿಕೇಟ್ ಅಂದ್ರ ಸ್ಪೋರ್ಟ್ಸ್ ಕೋಟಾ ಅಂತ ಆಸೆ ಇರತೈತ್ರಿ, ಒಂದ ವರ್ಷ ತಪ್ಪಿದ್ರ ಮತ್ತ ಚಾನ್ಸ್ ಸಿಗತೈತಿ ಅಂತ ಏನ್ ಗ್ಯಾರಂಟಿ. ಫಸ್ಟ್ ಬೇಸ್‌ಗೆ ಸೆಲೆಕ್ಷನ್ ಕೊಡಬಹುದಲ್ಲ? ಅಲ್ಲಿ ಒಗಿಯೋದು ಕಡಿಮಿ, ಹಿಡಿಯೋದ ಹೆಚ್ಚು.

ಹಳೇ_ಶಾರ್ಟ್‌ಸ್ಟಾಪ್:
ಚಾದ ಕಪ್ ಎತ್ತಲಾರದ ಕೈಲೆ ಬ್ಯಾಟ್ ಹೆಂಗ ಬೀಸತಾನ್ರಿ ಸಾಹೇಬ್ರ?

ಲೂಯಿಸಿಯಾನಾ_ರಿಟರ್ನ್ (ಹುಬ್ಬಳ್ಳಿ):
ನಾ ಅಮೇರಿಕಾದ ಲೂಯಿಸಿಯಾನಾದಾಗ ಎಂ.ಎಸ್. ಮಾಡಾಗ ಈ ಹುಚ್ಚ ಹತ್ತಿದ್ದು. ಅಲ್ಲಿ ಕಾಲೇಜ್ ಸೀಸನ್ ಫೆಬ್ರವರಿ ನಡಕ ಶುರು, ಒಂದ ಟೀಮಿಗೆ 56 ಮ್ಯಾಚ್ ತನಕಾ, ಶುಕ್ರವಾರ ಶನಿವಾರ ಐತವಾರ ಒಂದ ಟೀಮಿನ ಕೂಡನ ಮೂರು ಮ್ಯಾಚ್, ದಿನಕ್ಕೊಬ್ಬ ಬ್ಯಾರೆ ಪಿಚರ್. ಶುಕ್ರವಾರದಾಂವ ಟೀಮಿನ ರಾಜಾ ಇದ್ದಂಗ. ಮೇ ಕೊನಿಗೆ 64 ಟೀಮ್ ಆರಿಸ್ತಾರ, ಉಳಕೋತ ಉಳಕೋತ ಎಂಟು ಟೀಮು ಜೂನಿನ್ಯಾಗ ಒಮಾಹಾಕ್ಕ (ಕೊನೀ ಸುತ್ತು ಆಡೋ ಊರು) ಹೋಗ್ತಾವು.

2023ರಾಗ ಎಲ್.ಎಸ್.ಯು. (ಲೂಯಿಸಿಯಾನಾ ಸ್ಟೇಟ್ ಯೂನಿವರ್ಸಿಟಿ) ಗೆದ್ದಾಗಿನ ಕಥಿ ನಿಮಗ ಹೇಳಬೇಕು. ಪಾಲ್ ಸ್ಕೀನ್ಸ್ ಅಂತ ಅವರ ಪಿಚರ್, ಮುಂದ ಅದ ವರ್ಷ ಡ್ರಾಫ್ಟಿನ್ಯಾಗ (ಎಂ.ಎಲ್.ಬಿ. ಟೀಮಿನವರು ಹೊಸಾ ಹುಡುಗೂರನ್ನ ಆರಿಸ್ಕೊಳ್ಳೋದು) ಮೊದಲನೇ ನಂಬರಿಗೆ ಹೋದಾಂವ. ಸೆಮಿಫೈನಲ್ ಗುರುವಾರ, ಎಂಟ ಇನ್ನಿಂಗ್ಸ್ ಹಾಕಿದ, ಎದುರಿನವರಿಗೆ ಒಂದೂ ರನ್ ಕೊಡಲಿಲ್ಲ. ಶನಿವಾರದಿಂದ ಫೈನಲ್, ಮೂರ್ರಾಗ ಎರಡ ಗೆಲ್ಲಬೇಕು. ಎರಡನೇ ಮ್ಯಾಚ್ 4-24 ಸೋತ್ರು, ಇಪ್ಪತ್ನಾಕ್ರೀ! ನಮ್ಮಲ್ಲಾಗಿದ್ರ ಮೂರನೇದಕ್ಕ ಅವನ್ನ ಹಾಸಗಿಂದ ಎಬ್ಬಿಸಿ ತಂದ ನಿಂದ್ರಸ್ತಿದ್ವಿ. ಅವರು ಬ್ಯಾರೆಯವರ ಕೈಯಾಗ ಚೆಂಡ ಕೊಟ್ಟು 18-4 ಗೆದ್ದ್ರು, ಅಂವ ಫೈನಲ್ ಮೂರೂ ಮ್ಯಾಚಿನ್ಯಾಗ ಒಂದ ಬಾಲೂ ಹಾಕಲಿಲ್ಲ.

ಗೋಕುಲ್_ರೋಡ್:
ಅವರ ಬೆಂಚಿನಮ್ಯಾಲ ಇನ್ನೂ ಹತ್ತ ಪಿಚರ್ ಇರತಾರ್ರಿ, ಇವರ ಬೆಂಚಿನ ಮ್ಯಾಲ ನೀರಿನ ಕ್ಯಾನ್ ಐತಿ.

ಬೆಟಗೇರಿ_ಬಾಯ್:
😂😂 ಖರೇ ಮಾತು. ಆದ್ರ ಎರಡನೇ ಪಿಚರ್ ಕೇಳಿದ್ರಲ್ಲ, ಕ್ರಿಕೆಟ್ ಹುಡುಗೂರನ್ನ ಬಿಡ್ರಿ, ನಿಮ್ಮ ಕಾಲೇಜಿನ್ಯಾಗ ಜಾವೆಲಿನ್ ಒಗಿಯಾವ್ರು ಯಾರಾರ ಅದಾರೇನು ನೋಡ್ರಿ. 2008ರಾಗ ಪಿಚಿಂಗ್ ಕಾಂಪಿಟೇಷನ್‌ನಾಗ ಆರಿಸಿ ಎಂ.ಎಲ್.ಬಿ. ಟೀಮಾದ ಪಿಟ್ಸ್‌ಬರ್ಗ್ ಪೈರೇಟ್ಸ್‌ದವರು ತಗೊಂಡ ರಿಂಕು ಸಿಂಗ್ (ಕ್ರಿಕೆಟಿನ ರಿಂಕು ಅಲ್ಲ), ದಿನೇಶ್ ಪಟೇಲ್ ಇಬ್ಬರೂ ಉತ್ತರ ಪ್ರದೇಶದ ಜಾವೆಲಿನ್ ಹುಡುಗೂರು, ಅದಕ್ಕೂ ಮೊದಲ ಬೇಸ್‌ಬಾಲ್ ಆಡಿದಾವರ ಅಲ್ಲ.

ಮಾಸ್ಕ್_ಎಲ್ಲೈತಿ:
ಎಲ್ಲಾರಿಗೂ ಥ್ಯಾಂಕ್ಸ್ ರಿ. ನಿನ್ನೆ ಡಾಕ್ಟರ್ ಕಡೆ ಹೋಗಿ ಬಂದ್ವಿ. ಲಿಗಮೆಂಟ್ ಹರದಿಲ್ಲಂತ, ಬಾವು ಬಂದೇತಿ, ಆರ ವಾರ ಚೆಂಡ ಮುಟ್ಟಂಗಿಲ್ಲ. ಸೆಲೆಕ್ಷನ್ ಹೋತು. ದೋಸ್ತ ಎರಡ ತಾಸು ಮಾತಾಡಲಿಲ್ಲ, ಆಮ್ಯಾಲ ಮಿರ್ಚಿ ಗಿರ್ಮಿಟ್ ತಿನಿಸಿದ್ಮ್ಯಾಲ ತಾನ ಬಾಯಿ ಬಿಟ್ಟ, "ಆ ಜಾವೆಲಿನ್ ಹುಡುಗನ್ನ ನಾನ ಕಲಿಸ್ತೇನಿ" ಅಂತ.

ಹೌದು, ಸಿಕ್ಕಾನ, ಬಿ.ಎ. ಮೊದಲನೇ ವರ್ಷ, ಕಲಘಟಗಿ ಕಡೆಯಾಂವ. ಮೊದಲನೇ ಬಾಲು ನನ್ನ ತಲಿಮ್ಯಾಲ ಹಾದು ಕಂಪೌಂಡ್ ದಾಟಿ ಹೋತು, ಎರಡನೇದು ಹೊಟ್ಟಿಗೆ ಬಂತು, ಮೂರನೇದು ಗ್ಲೌಸಿನ್ಯಾಗ ಫಟ್ ಅಂತು ನೋಡ್ರಿ! ಆದ್ರ ಅಂವ ಎಡಚ, ಬಲಗೈಗೆ ಹಾಕ್ಕೊಳ್ಳೋ ಗ್ಲೌಸ್ ನಮ್ಮ ಕಿಟ್‌ನಾಗ ಒಂದೂ ಇಲ್ಲ. ಹುಬ್ಬಳ್ಳಿ-ಧಾರವಾಡದಾಗ ಯಾರ ಹತ್ರಾರ ಹಳೇದು ಐತೇನ್ರಿ? ಹರದಿದ್ರೂ ನಡೀತೈತಿ, ಹೊಲಸಕೋತೀವಿ.