ಓದುಗರ ಸ್ಪಂದನ: ನಿಮ್ಮ ರೆಸ್ಯೂಮೆ ಎಲ್ಲಿಗೆ ಹೋಗುತ್ತಿದೆ, ಕೇಳಿ ತಿಳಿದುಕೊಳ್ಳಿ

ಕಳೆದ ಸಂಚಿಕೆಯ ಸಮಸ್ಯೆ: ನಾನು ತುಮಕೂರಿನವನು. ಎಂ.ಕಾಂ. ಮುಗಿಸಿ ಬೆಂಗಳೂರಿನ ಕಂಪನಿಯೊಂದರಲ್ಲಿ ವಿದೇಶಿ ಫಂಡ್‌ಗಳ ಲೆಕ್ಕಪತ್ರ ನೋಡಿಕೊಳ್ಳುತ್ತಿದ್ದೇನೆ. ಪಾಸ್ ಮಾಡಿಸಿಕೊಂಡು ದಿನಾ ರೈಲಿನಲ್ಲೇ ಓಡಾಟ. ಹೆಡ್ಜ್ ಫಂಡ್ (ಶ್ರೀಮಂತರ, ಸಂಸ್ಥೆಗಳ ಹಣ ಒಟ್ಟುಗೂಡಿಸಿ ಹೂಡುವ ಖಾಸಗಿ ನಿಧಿ) ಒಂದರ ರಿಸ್ಕ್ ವಿಭಾಗಕ್ಕೆ, ಅಂದರೆ ನಷ್ಟದ ಸಾಧ್ಯತೆ ಅಳೆಯುವ ವಿಭಾಗಕ್ಕೆ, ಸೇರಬೇಕೆಂದು ಆಸೆ. ಕೆಲಸ ಕೊಡಿಸುವ ಕನ್ಸಲ್ಟೆನ್ಸಿಯವರು ಕರೆ ಮೇಲೆ ಕರೆ ಮಾಡುತ್ತಾರೆ. ಇಬ್ಬರು ನನ್ನನ್ನು ಕೇಳದೆ ಒಂದೇ ಫಂಡ್‌ಗೆ ರೆಸ್ಯೂಮೆ ಕಳಿಸಿದ್ದರಿಂದ ಅಲ್ಲಿ ನನ್ನ ಹೆಸರನ್ನೇ ಬಿಟ್ಟುಬಿಟ್ಟರು. ಮತ್ತೊಬ್ಬರು ‘ಪ್ರೊಫೈಲ್ ವೆರಿಫಿಕೇಶನ್’ಗೆ ಹಣ ಕೇಳುತ್ತಿದ್ದಾರೆ. ಇವರನ್ನೆಲ್ಲ ದೂರ ಇಡುವುದೇ ಒಳ್ಳೆಯದೇ? ಇವರಿಲ್ಲದೆ ಒಳಗೆ ಹೋಗುವುದಾದರೂ ಹೇಗೆ?

*

ನಾನೂ ತುಮಕೂರಿನವಳೇ, ಕ್ಯಾತ್ಸಂದ್ರದವಳು. ಫಂಡ್ ಒಂದರ ರಿಸ್ಕ್ ವಿಭಾಗದಲ್ಲೇ ಕೆಲಸ ಮಾಡುತ್ತಿರುವುದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಕನ್ಸಲ್ಟೆನ್ಸಿಯವರಿಗೆ ಹಣ ಕೊಡುವವರು ಫಂಡ್‌ನವರು, ನೀವಲ್ಲ. ನೀವು ಕೆಲಸಕ್ಕೆ ಸೇರಿದ ಮೇಲೆ ನಿಮ್ಮ ವರ್ಷದ ಸಂಬಳದಲ್ಲಿ ಇಂತಿಷ್ಟು ಎಂದು ಅವರಿಗೆ ಫೀಸು. ನಮ್ಮಲ್ಲಿ ಬಹಳ ಕಡೆ ಶೇ 8.33, ಅಂದರೆ ಒಂದು ತಿಂಗಳ ಸಂಬಳ. ಲಂಡನ್, ನ್ಯೂಯಾರ್ಕ್‌ಗಳಲ್ಲಿ ಶೇ 20ರಿಂದ 30ರವರೆಗೂ ಇದೆ. ಒಂದೇ ಹುದ್ದೆಯನ್ನು ನಾಲ್ಕೈದು ಏಜೆನ್ಸಿಗಳಿಗೆ ಹೇಳಿರುತ್ತಾರೆ. ಯಾರು ಕಳಿಸಿದವರು ಸೇರುತ್ತಾರೋ ಅವರಿಗಷ್ಟೇ ಕಾಸು, ಉಳಿದವರ ದುಡಿಮೆ ನೀರಿನಲ್ಲಿ ಹೋಮ. ನಿಮಗೆ ಕಾಣುವ ಧಾವಂತವೆಲ್ಲ ಇದರಿಂದಲೇ. ಹಿರಿಯ ಹುದ್ದೆಗಳಿಗೆ ಮುಂಗಡ ಕೊಟ್ಟು ಒಂದೇ ಏಜೆನ್ಸಿಗೆ ಒಪ್ಪಿಸುವುದೂ ಉಂಟು. ಅಂಥವರು ಇಷ್ಟು ಅವಸರ ಮಾಡುವುದಿಲ್ಲ. ಕರೆ ಬಂದ ಕೂಡಲೇ ‘ಈ ಹುದ್ದೆ ನಿಮ್ಮೊಬ್ಬರ ಹತ್ತಿರವೇ ಇದೆಯೇ, ಬೇರೆಯವರಿಗೂ ಕೊಟ್ಟಿದ್ದಾರೆಯೇ’ ಎಂದು ಕೇಳಿ. ಇದರಲ್ಲಿ ಸಂಕೋಚಪಡುವಂಥದ್ದು ಏನೂ ಇಲ್ಲ.

ಒಂದೇ ಹೆಸರು ಎರಡು ಕಡೆಯಿಂದ ಬಂದರೆ ಫೀಸು ಯಾರಿಗೆ ಎಂಬ ತಕರಾರು ಹುಟ್ಟುತ್ತದೆ. ಕೆಲವು ಫಂಡ್‌ಗಳು ಮೊದಲು ಬಂದ ಇಮೇಲ್‌ನ ದಿನ, ಹೊತ್ತು ನೋಡಿ ತೀರ್ಮಾನಿಸುತ್ತವೆ. ಕೆಲವು ಈ ರಗಳೆಯೇ ಬೇಡವೆಂದು ಅಭ್ಯರ್ಥಿಯನ್ನೇ ಕೈಬಿಡುತ್ತವೆ. ನಿಮಗಾಗಿದ್ದು ಇದೇ. ಆ ಫಂಡ್‌ನ ಎಚ್‌ಆರ್‌ಗೆ ನೀವೇ ನಾಲ್ಕು ಸಾಲು ಬರೆಯಿರಿ: ‘ಇಬ್ಬರಿಗೂ ನಾನು ಒಪ್ಪಿಗೆ ಕೊಟ್ಟಿರಲಿಲ್ಲ, ನಿಮ್ಮಲ್ಲಿ ಕೆಲಸ ಮಾಡುವ ಆಸಕ್ತಿ ನನಗಿದೆ’ ಎಂದಷ್ಟೇ. ಯಾರನ್ನೂ ದೂರಬೇಡಿ. ಆ ಹುದ್ದೆ ತಿರುಗಿ ಬರುವ ಭರವಸೆ ಇಲ್ಲ. ಆದರೆ ಒಮ್ಮೆ ಕಳಿಸಿದ ಅಭ್ಯರ್ಥಿಯ ಮೇಲೆ ಏಜೆನ್ಸಿಯ ಹಕ್ಕು ಸಾಮಾನ್ಯವಾಗಿ ಆರು ತಿಂಗಳೋ ಒಂದು ವರ್ಷವೋ ಇರುತ್ತದೆ. ಅಷ್ಟು ದಿನವೂ ಆ ಬಾಗಿಲು ಮುಚ್ಚಿರದಂತೆ ನಿಮ್ಮ ಮಾತು ಅವರ ದಾಖಲೆಯಲ್ಲಿರಬೇಕು.

ಇನ್ನು ಮುಂದಿನ ಕರೆಗಳ ವಿಷಯ. ‘ದೊಡ್ಡ ಗ್ಲೋಬಲ್ ಫಂಡ್ ಸರ್, ಹೆಸರು ಈಗ ಹೇಳಕ್ಕಾಗಲ್ಲ, ರೆಸ್ಯೂಮೆ ಕಳ್ಸಿಬಿಡಿ, ಸಾಯಂಕಾಲದೊಳಗೆ ಶಾರ್ಟ್‌ಲಿಸ್ಟ್ ಆಗುತ್ತೆ’ ಎನ್ನುತ್ತಾರಲ್ಲ, ಅದಕ್ಕೆ ನಿಮ್ಮ ಉತ್ತರ ಹೀಗಿರಲಿ: ‘ಹುದ್ದೆಯ ವಿವರ ಇಮೇಲ್ ಮಾಡಿ. ಕಳಿಸುವ ಮೊದಲು ಫಂಡ್ ಹೆಸರು ತಿಳಿಸಿ. ನಾನು ಇಮೇಲ್‌ನಲ್ಲಿ ಒಪ್ಪಿಗೆ ಕೊಡೋವರೆಗೆ ಎಲ್ಲಿಗೂ ಕಳಿಸಬೇಡಿ.’ ಒಂದು ಎಕ್ಸೆಲ್ ಶೀಟ್ ಇಟ್ಟುಕೊಂಡು ಯಾವ ಫಂಡ್, ಯಾವ ಹುದ್ದೆ, ಯಾರ ಮೂಲಕ, ಯಾವತ್ತು ಎಂದು ಬರೆದಿಡಿ. ಅವರು ಕಳಿಸಿದ ಪ್ರತಿಯನ್ನೂ ಕೇಳಿ ಪಡೆಯಿರಿ. ಏಜೆನ್ಸಿಯವರು ತಮ್ಮ ಲೋಗೋ ಹಾಕಿ ರೆಸ್ಯೂಮೆಯನ್ನು ಬೇರೆ ರೂಪಕ್ಕೆ ತರುತ್ತಾರೆ. ಆಗ ನಿಮಗೆ ಅಲ್ಪಸ್ವಲ್ಪ ಗೊತ್ತಿರುವ ಪೈಥಾನ್ ‘ಎಕ್ಸ್‌ಪರ್ಟ್’ ಆಗಿಬಿಟ್ಟಿರಬಹುದು. ಸಂದರ್ಶನದಲ್ಲಿ ಅದಕ್ಕೆ ಉತ್ತರ ಕೊಡಬೇಕಾದವರು ನೀವು.

ಕೆಲವರು ಕೆಲಸದ ನೆಪದಲ್ಲಿ ಸುದ್ದಿ ಹೆಕ್ಕುತ್ತಾರೆ, ಇದು ಬಹಳ ಮುಖ್ಯ. ‘ನಿಮ್ಮ ಟೀಮ್‌ನಲ್ಲಿ ಯಾರ್ಯಾರಿದ್ದಾರೆ, ಯಾವ ಫಂಡ್‌ನ ಲೆಕ್ಕ ನೋಡ್ತೀರಿ, ಈ ತಿಂಗಳ ರಿಟರ್ನ್ ಎಷ್ಟು?’ ಹೂಡಿಕೆದಾರರಿಗಿಂತ ಮೊದಲೇ ಎನ್‌ಎವಿ (ಫಂಡ್‌ನ ಆಸ್ತಿಯಲ್ಲಿ ಸಾಲ ಕಳೆದು ಉಳಿಯುವ ನಿವ್ವಳ ಮೌಲ್ಯ) ನೋಡುವವರು ನೀವು. ಅದನ್ನು ಹೊರಗೆ ಹೇಳಿದರೆ ಈ ಕ್ಷೇತ್ರದಲ್ಲಿ ನಿಮ್ಮ ಹೆಸರು ಉಳಿಯುವುದಿಲ್ಲ. ನಿಮ್ಮ ಕೆಲಸದ ಬಗ್ಗೆಯಾದರೆ ಧಾರಾಳವಾಗಿ ಹೇಳಿ. ತಿಂಗಳ ಕೊನೆಯ ಎನ್‌ಎವಿ ಮುಗಿಸುವುದು, ಫಂಡ್‌ನ ವಹಿವಾಟು ನಡೆಸಿಕೊಟ್ಟು ಸಾಲವನ್ನೂ ಕೊಡುವ ಪ್ರೈಮ್ ಬ್ರೋಕರ್‌ನ ಸ್ಟೇಟ್‌ಮೆಂಟ್‌ಗೆ ನಿಮ್ಮ ಲೆಕ್ಕ ತಾಳೆ ನೋಡುವುದು, ವ್ಯತ್ಯಾಸ ಬಂದರೆ ಅದರ ಮೂಲ ಹಿಡಿಯುವುದು, ಇವೆಲ್ಲ ಹೇಳುವಂಥವೇ. ‘2 ಮತ್ತು 20’ (ಹೂಡಿದ ಹಣದ ಮೇಲೆ ವರ್ಷಕ್ಕೆ ಶೇ 2, ಲಾಭದಲ್ಲಿ ಶೇ 20) ಎಂಬ ಹಳೆಯ ಫೀಸಿನ ಲೆಕ್ಕದಲ್ಲಿ ಆ 20 ಬರುವುದು ಹಿಂದಿನ ಗರಿಷ್ಠ ಮಟ್ಟ ದಾಟಿದ ಲಾಭದ ಮೇಲೆ ಮಾತ್ರ. ಈ ಹೈ-ವಾಟರ್ ಮಾರ್ಕ್ ಲೆಕ್ಕವನ್ನು ನಿಮ್ಮ ಕೈಯಾರೆ ಮಾಡಿದ್ದರೆ ರೆಸ್ಯೂಮೆಯ ಮೊದಲ ಐದು ಸಾಲಿನಲ್ಲೇ ಬರಲಿ. ರಿಸ್ಕ್ ವಿಭಾಗದವರು ಕಣ್ಣಿಟ್ಟು ಹುಡುಕುವುದು ಇಂಥದ್ದನ್ನೇ.

— ಹೆಸರು ಬೇಡ, ಕ್ಯಾತ್ಸಂದ್ರ

*

ನಮ್ಮದು ಕೊಬ್ಬರಿ ಮಂಡಿ ಇರುವ ಮನೆ. ಹೆಡ್ಜ್ ಫಂಡ್ ಅಂದರೇನೆಂದು ಮಗಳಿಂದ ಕೇಳಿ ತಿಳಿದುಕೊಂಡೆ. ದಲ್ಲಾಳಿ ವ್ಯವಹಾರ ಮಾತ್ರ ಹುಟ್ಟಿದಾಗಿನಿಂದ ನೋಡುತ್ತಿದ್ದೇನೆ. ಎಪಿಎಂಸಿಯಲ್ಲಿ ಕಮಿಷನ್ ಕೊಡಬೇಕಾದವರು ಖರೀದಿದಾರರು. ರೈತನ ಲೆಕ್ಕದಲ್ಲಿ ಹಿಡಿಯುವಂತಿಲ್ಲ, ಅಧಿಕೃತ ಬಿಲ್ ಬಿಟ್ಟು ಬಿಳಿ ಚೀಟಿ ಬರೆದು ಹಿಡಿದರೆ ಅದು ಅನ್ಯಾಯ. ನಿಮ್ಮಲ್ಲಿ ಹಣ ಕೇಳುತ್ತಿರುವವರು ಬಿಳಿ ಚೀಟಿಯವರೇ. ಒಂದು ರೂಪಾಯಿಯನ್ನೂ ಕೊಡಬೇಡಿ.

— ಓದುಗರೊಬ್ಬರು, ತಿಪಟೂರು

*

ನಾನು ಇದೇ ವೃತ್ತಿಯವಳು, ಹಣಕಾಸು ಸಂಸ್ಥೆಗಳಿಗೆ ಜನರನ್ನು ಹುಡುಕಿಕೊಡುತ್ತೇನೆ. ನಿಮ್ಮ ಪತ್ರ ಓದಿ ಬೇಸರವಾಯಿತು. ಕೇಳದೆ ರೆಸ್ಯೂಮೆ ಕಳಿಸುವವರಿಂದ ನಮ್ಮಂಥವರ ಮೇಲೂ ಜನರಿಗೆ ನಂಬಿಕೆ ಹೋಗುತ್ತದೆ. ಆದರೂ ಎಲ್ಲರನ್ನೂ ದೂರ ಇಡಬೇಡಿ. ಫಂಡ್‌ಗಳಲ್ಲಿ ಎಷ್ಟೋ ಹುದ್ದೆಗಳು ಜಾಹೀರಾತಿಗೇ ಬರುವುದಿಲ್ಲ. ಇರುವವರನ್ನು ಬದಲಿಸುವ ಯೋಚನೆ ಇದ್ದಾಗಲಂತೂ ಗುಟ್ಟಾಗಿಯೇ ಹುಡುಕಿಸುತ್ತಾರೆ.

ಮೊದಲ ಕರೆಯಲ್ಲೇ ಫಂಡ್ ಹೆಸರು ಹೇಳದಿರಲು ನಮಗೂ ಕಾರಣವಿದೆ. ಹೇಳಿದ ತಕ್ಷಣ ಕೆಲವರು ನೇರವಾಗಿ ಅರ್ಜಿ ಹಾಕಿಬಿಡುತ್ತಾರೆ. ಆದರೆ ರೆಸ್ಯೂಮೆ ಕಳಿಸುವ ಮೊದಲು ಹೆಸರು ಹೇಳಲೇಬೇಕು. ಆಗಲೂ ಹೇಳದಿದ್ದರೆ ಅವರ ಕೈಯಲ್ಲಿ ಹುದ್ದೆಯೇ ಇಲ್ಲ, ರೆಸ್ಯೂಮೆ ಕೂಡಿಹಾಕುತ್ತಿದ್ದಾರೆ ಅಂತಲೇ ತಿಳಿಯಿರಿ.

ನಿಮ್ಮಿಂದ ನಮಗೆ ಬೇಕಾದದ್ದು ಸತ್ಯ. ಈಗಾಗಲೇ ಎಲ್ಲೆಲ್ಲಿಗೆ ಹೋಗಿದ್ದೀರಿ ಹೇಳಿ. ಸಿಟಿಸಿ (ಈಗಿನ ವರ್ಷದ ಒಟ್ಟು ಸಂಬಳ) ಏರಿಸಿ ಹೇಳಬೇಡಿ. ಸ್ಯಾಲರಿ ಸ್ಲಿಪ್, ಫಾರ್ಮ್ 16, ಪಿಎಫ್ ದಾಖಲೆ ಎಲ್ಲವನ್ನೂ ತಾಳೆ ಹಾಕುತ್ತಾರೆ, ಆಫರ್ ಬಂದ ಮೇಲೆ ರದ್ದಾದರೆ ಅದಕ್ಕಿಂತ ದೊಡ್ಡ ನೋವಿಲ್ಲ. ಎಷ್ಟು ಬೇಕು ಎಂದು ಕೇಳಿದಾಗ ‘ಈ ಹುದ್ದೆಗೆ ಅವರು ಎಷ್ಟರವರೆಗೆ ಕೊಡಬಹುದು’ ಎಂದು ಮೊದಲು ನನ್ನನ್ನೇ ಕೇಳಿ. ನನಗೆ ಗೊತ್ತಿರುತ್ತದೆ, ಹೇಳುತ್ತೇನೆ. ಸಂದರ್ಶನವಾದ ಮೇಲೆ ವಾರಗಟ್ಟಲೆ ಸುದ್ದಿ ಇಲ್ಲದಿದ್ದರೆ ಬಹಳ ಸಲ ಫಂಡ್‌ನವರೇ ನಮಗೂ ಏನೂ ಹೇಳಿರುವುದಿಲ್ಲ. ವಾರಕ್ಕೊಮ್ಮೆ ಮೆಸೇಜ್ ಹಾಕಿ, ತಪ್ಪು ತಿಳಿಯುವುದಿಲ್ಲ.

ಬೆಳಗಿನ ರೈಲಿನಲ್ಲಿ ನಿಂತುಕೊಂಡು ಈ ಕರೆಗಳಿಗೆ ಉತ್ತರ ಕೊಡಬೇಡಿ. ಅದೇ ಬೋಗಿಯಲ್ಲಿ ನಿಮ್ಮ ಆಫೀಸಿನವರೂ ಇರುತ್ತಾರೆ. ರಾತ್ರಿ ಮನೆ ತಲುಪಿದ ಮೇಲೆ ಮಾತಾಡೋಣ ಎಂದರೆ ಯಾವ ಒಳ್ಳೆಯ ರೆಕ್ರೂಟರೂ ಬೇಡ ಅನ್ನುವುದಿಲ್ಲ.

— ರೆಕ್ರೂಟರ್, ಊರು ಕುಣಿಗಲ್

*

ವಕೀಲನಾಗಿ ಎರಡು ಮಾತು. ಆಫರ್ ಲೆಟರ್ ಕೈಗೆ ಬಂದು, ನೀವು ಅದನ್ನು ಓದಿ ಸಹಿ ಮಾಡುವವರೆಗೆ ಈಗಿನ ಕೆಲಸಕ್ಕೆ ರಾಜೀನಾಮೆ ಕೊಡಬೇಡಿ. ಕನ್ಸಲ್ಟೆನ್ಸಿಯವರ ‘ಆಯ್ತು ಸರ್, ಕನ್ಫರ್ಮ್’ ಆಫರ್ ಅಲ್ಲ. ನೋಟಿಸ್ ಪಿರಿಯಡ್ ಮುಗಿಸದೆ ಬಿಡಲು ಕಟ್ಟಬೇಕಾದ ಬೈಔಟ್ ಹಣವನ್ನು ಹೊಸಬರು ಕೊಡುತ್ತಾರೆಂದು ಬಾಯಲ್ಲಿ ಹೇಳಿದರೆ ಸಾಲದು, ಬರಹದಲ್ಲಿರಬೇಕು.

‘ಬಿಟ್ಟುಹೋದ ಮೇಲೆ ಇಷ್ಟು ವರ್ಷ ಬೇರೆ ಫಂಡ್ ಸೇರಬಾರದು’ ಎಂಬ ಷರತ್ತು ಈ ವಲಯದಲ್ಲಿ ಸಾಮಾನ್ಯ. 1872ರ ಭಾರತೀಯ ಕರಾರು ಕಾಯ್ದೆಯ 27ನೇ ಕಲಮಿನ ಪ್ರಕಾರ ಇಂಥ ನಿರ್ಬಂಧ ನಮ್ಮಲ್ಲಿ ಸಾಮಾನ್ಯವಾಗಿ ಊರ್ಜಿತವಲ್ಲ. ಹಾಗೆಂದು ಧೈರ್ಯವಾಗಿ ಏನಕ್ಕೂ ಸಹಿ ಹಾಕಬೇಡಿ. ಗೋಪ್ಯತೆಯ ಷರತ್ತು ಊರ್ಜಿತ. ಕೆಲಸದಲ್ಲಿರುವಾಗಿನ ನಿರ್ಬಂಧವೂ ಊರ್ಜಿತ. ಅವಧಿಗೆ ಮೊದಲೇ ಬಿಟ್ಟರೆ 2 ಲಕ್ಷ ರೂಪಾಯಿ ಕಟ್ಟಬೇಕೆಂಬ ಸಾರ್ವಜನಿಕ ವಲಯದ ಬ್ಯಾಂಕೊಂದರ ಬಾಂಡನ್ನು ಸುಪ್ರೀಂ ಕೋರ್ಟ್ 2025ರಲ್ಲಿ ಎತ್ತಿಹಿಡಿದಿದೆ.

— ವಕೀಲರು, ತುಮಕೂರು

*

ಮಗೂ, ಬ್ಯಾಂಕಿನಲ್ಲಿದ್ದು ನಿವೃತ್ತನಾದವನು ನಾನು. ಹಣ ಕೇಳಿದವನ ನಂಬರ್, ಮೆಸೇಜ್ ಅಳಿಸಬೇಡ. ಹಣ ಕೊಟ್ಟುಬಿಟ್ಟಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡು, ನಮ್ಮ ಊರಿನ ಸಿಇಎನ್ (ಸೈಬರ್ ಅಪರಾಧ) ಠಾಣೆಗೂ ದೂರು ಕೊಡು. ‘ನಮ್ಮ ಆ್ಯಪ್‌ನಲ್ಲಿ ಐವತ್ತು ಸಾವಿರ ಹಾಕಿ ಟ್ರೇಡಿಂಗ್ ಮಾಡಿ ತೋರಿಸು, ಆಮೇಲೆ ಕೆಲಸ’ ಎನ್ನುವವರೂ ಇದ್ದಾರೆ. ನಮ್ಮ ದೇಶದಲ್ಲಿ ಹೆಡ್ಜ್ ಫಂಡ್‌ಗಳು ಷೇರುಪೇಟೆ ನಿಯಂತ್ರಕ ಸೆಬಿಯ 2012ರ ನಿಯಮದಡಿ ಮೂರನೇ ವರ್ಗದ ಎಐಎಫ್ (ಪರ್ಯಾಯ ಹೂಡಿಕೆ ನಿಧಿ) ಆಗಿ ನೋಂದಣಿಯಾಗುತ್ತವೆ. ಸಾಮಾನ್ಯ ಹೂಡಿಕೆದಾರರು ಕನಿಷ್ಠ 1 ಕೋಟಿ ಹಾಕಬೇಕು, ಫಂಡ್ ನಡೆಸುವ ಸಂಸ್ಥೆಯ ನೌಕರರಾದರೂ 25 ಲಕ್ಷ. ಐವತ್ತು ಸಾವಿರ ಕೇಳುವುದು ಫಂಡೇ ಅಲ್ಲ. ನೋಂದಣಿಯಾದವರ ಪಟ್ಟಿ ಸೆಬಿ ಜಾಲತಾಣದಲ್ಲಿದೆ, ನೋಡು. ವಿದೇಶಿ ಫಂಡ್‌ಗಳ ಬೆಂಗಳೂರು ಕಚೇರಿ ಅದರಲ್ಲಿ ಇರಲಿಕ್ಕಿಲ್ಲ. ಅವು ಬರೀ ಕಂಪನಿಯಾಗಿ ನೋಂದಣಿಯಾಗಿರುತ್ತವೆ, ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯದ ಜಾಲತಾಣದಲ್ಲಿ ಹುಡುಕು.

— ನಿವೃತ್ತ ಬ್ಯಾಂಕ್ ಅಧಿಕಾರಿ, ಎಸ್.ಎಸ್. ಪುರಂ

*

ಇವರಿಲ್ಲದೆ ಒಳಗೆ ಹೋಗುವುದು ಹೇಗೆಂದು ಕೇಳಿದ್ದೀರಿ. ನನ್ನ ತಮ್ಮ ನಿಮ್ಮಂತೆಯೇ ಫಂಡ್ ಲೆಕ್ಕ ನೋಡುತ್ತಿದ್ದವನು. ಕಾಲೇಜಿನ ಸೀನಿಯರ್ ಒಬ್ಬರ ರೆಫರಲ್‌ನಿಂದ ಫಂಡ್ ಸೇರಿದ. ರೆಫರ್ ಮಾಡಿದವರಿಗೆ ಕಂಪನಿಯೇ ಬೋನಸ್ ಕೊಡುವುದರಿಂದ ಕೇಳಿದರೆ ಖುಷಿಯಿಂದಲೇ ಮಾಡುತ್ತಾರೆ. ನೀವು ಲೆಕ್ಕ ನೋಡುವ ಫಂಡ್‌ನವರಿಗೂ ನಿಮ್ಮ ಕೆಲಸ ಗೊತ್ತಿರುತ್ತದೆ. ಆದರೆ ಒಬ್ಬರ ನೌಕರರನ್ನು ಇನ್ನೊಬ್ಬರು ಸೇರಿಸಿಕೊಳ್ಳಬಾರದೆಂಬ ಷರತ್ತು ಎರಡೂ ಕಂಪನಿಗಳ ನಡುವೆ ಇರಬಹುದು, ವಿಚಾರಿಸಿಕೊಂಡೇ ಮುಂದಡಿ ಇಡಿ.

ವಿದೇಶಿ ಫಂಡ್‌ಗಳಲ್ಲಿ ಹೆಚ್ಚಿನವು ಡಿಸೆಂಬರ್‌ಗೆ ವರ್ಷದ ಲೆಕ್ಕ ಮುಗಿಸುತ್ತವೆ. ಜನವರಿ–ಮಾರ್ಚ್‌ನಲ್ಲಿ ಬೋನಸ್ ಕೈಗೆ ಬಂದ ಮೇಲೆ ಜನ ಕೆಲಸ ಬದಲಿಸುತ್ತಾರೆ, ಜಾಗ ಖಾಲಿಯಾಗುತ್ತವೆ. ರೆಸ್ಯೂಮೆ, ಆ ಎಕ್ಸೆಲ್ ಶೀಟ್, ರೆಫರಲ್ ಕೇಳಬೇಕಾದವರ ಪಟ್ಟಿ ಎಲ್ಲವನ್ನೂ ಅದಕ್ಕೆ ಮೊದಲೇ ಸಿದ್ಧ ಮಾಡಿಟ್ಟುಕೊಳ್ಳಿ.

— ಶಿಕ್ಷಕಿ, ಗುಬ್ಬಿ