ಐನ್‌ಮನೆಯ ಕೋವಿ: ಕುಟುಂಬದ ಗುಂಪಿನಲ್ಲಿ ನಾಲ್ಕು ದಿನದ ವಾದ

ಬುಧವಾರ

ಮೈಸೂರಿನ ಅಣ್ಣ: ಕೋವಿ ಪೂಜಿಸುವ ನಮ್ಮ ಕೈಲ್ ಪೊಳ್ದ್ ಹಬ್ಬದ ದಿನ ಎಲ್ಲರೂ ಕಣ್ಣಾರೆ ನೋಡಿದ್ದೀರಿ. ತೆಂಗಿನಕಾಯಿಗೆ ಗುರಿಯಿಟ್ಟು ಒಂದು ಗುಂಡು ಹೊಡೆದ ಮೇಲೆ, ತೋಟಾ ಕೂರುವ ಗೂಡನ್ನು ಹಿಂದಿನಿಂದ ಮುಚ್ಚುವ ಬೋಲ್ಟಿನ ಹಿಡಿ ಮೇಲೇಳಲಿಲ್ಲ. ಅಂಗೈಯಿಂದ ಗುದ್ದಿ ಎತ್ತಬೇಕಾಯಿತು. ಊರಿನವರ ಮುಂದೆ ನಮ್ಮ ಕುಟುಂಬದ ಮೂಲಮನೆಯಾದ ಐನ್‌ಮನೆಯ ಕೋವಿಗೆ ಈ ಗತಿ ಬರಬಾರದಿತ್ತು. ಭಾನುವಾರ ಬಂದು ಉಪ್ಪು ಕಾಗದ ಹಾಕಿ ಉಜ್ಜಿ ಸರಿಮಾಡುತ್ತೇನೆ.

ನಾನು: ಅಣ್ಣ, ಕೈ ಮುಗಿದು ಕೇಳುತ್ತೇನೆ, ಉಪ್ಪು ಕಾಗದ ಬೇಡ. ಎಲ್ಲಿ ಹಿಡಿಯುತ್ತಿದೆ ಎಂದು ತಿಳಿಯದೆ ಉಜ್ಜುವುದಾದರೂ ಎಲ್ಲಿಗೆ?

ದುಬೈ ತಮ್ಮ: ಅಕ್ಕ, ಉಪ್ಪು ಕಾಗದಕ್ಕಿಂತ ಎಂಜಿನ್ ವಾಲ್ವಿಗೆ ಹಚ್ಚುವ ಗ್ರೈಂಡಿಂಗ್ ಪೇಸ್ಟ್ ಒಳ್ಳೆಯದು. ಹಚ್ಚಿ ನೂರು ಸಲ ಹಿಂದೆ ಮುಂದೆ ಎಳೆದರೆ ಬೆಣ್ಣೆಯ ಹಾಗೆ ಜಾರುತ್ತದೆ. ವಿಡಿಯೊದಲ್ಲಿ ನೋಡಿದ್ದೇನೆ.

ನಾನು: ಅದು ಇನ್ನೂ ಕೆಟ್ಟದ್ದು. ನಮ್ಮದು ಇಷಾಪುರದ ಸರಕಾರಿ ಕಾರ್ಖಾನೆಯ .315 ರೈಫಲ್. ಆಗಿನ ಸೇನೆಯ .303 ಗುಂಡು ನಾಗರಿಕರ ಕೈಗೆ ಹೋಗಬಾರದೆಂದು ಬೇರೆ ಅಳತೆಯ ತೋಟಾಕ್ಕೆ ಹೊಂದಿಸಿದ್ದಾರೆ ಅಷ್ಟೆ, ಒಳಗಿನ ಯಂತ್ರ ಬ್ರಿಟಿಷರ ಹಳೆಯ ಸೇನಾ ರೈಫಲ್ ಲೀ ಎನ್‌ಫೀಲ್ಡಿನದೇ. ಇದರಲ್ಲಿ ಬೋಲ್ಟನ್ನು ಬಿಗಿಹಿಡಿಯುವ ಉಬ್ಬುಗಳು ಹಿಂಭಾಗದಲ್ಲಿವೆ. ಗುಂಡು ಸಿಡಿದಾಗ ಹಿಂದಕ್ಕೆ ಒದೆಯುವ ಬಲವನ್ನೆಲ್ಲ ತಡೆಯುವುದು ಆ ಎರಡೇ ಉಬ್ಬುಗಳು. ಪೇಸ್ಟ್ ಹಚ್ಚಿ ತಿಕ್ಕಿದರೆ ಮೊದಲು ಸವೆಯುವುದೂ ಅವೇ. ಆಗ ಬೋಲ್ಟಿನ ಮುಖಕ್ಕೂ ತೋಟಾದ ಬುಡಕ್ಕೂ ನಡುವಿನ ಸಂದು ಹಿಗ್ಗುತ್ತದೆ, ಹಿತ್ತಾಳೆ ಸೀಳಿದರೆ ಬಿಸಿ ಅನಿಲ ಬರುವುದು ಹೊಡೆಯುವವರ ಮುಖದ ಕಡೆಗೆ. ದೊಡ್ಡಪ್ಪನ ಕೆನ್ನೆ ಆ ಕೋವಿಯ ಮರದ ಹಿಡಿಗೆ ಒರಗಿರುತ್ತದೆ ತಮ್ಮ, ಯೋಚನೆ ಮಾಡು.

ಮಡಿಕೇರಿಯ ಚಿಕ್ಕಪ್ಪ: ಸುಮ್ಮನೆ ಎಳೆದಾಟ ಏಕೆ? ನನ್ನ ಹೆಂಡತಿಯ ತವರಿನಲ್ಲೂ ಇಂಥದ್ದೇ ಕೋವಿ ಇದೆ, ಯಾರೂ ಹೊಡೆಯುವುದಿಲ್ಲ. ಅದರ ಬೋಲ್ಟು ತಂದು ಇದಕ್ಕೆ ಹಾಕೋಣ.

ದೊಡ್ಡಪ್ಪ: ಆಗದ ಮಾತು. ಬೋಲ್ಟಿನ ಹಿಡಿಯ ಬುಡದಲ್ಲಿ ಕೊರೆದಿರುವ ಸಂಖ್ಯೆಯೂ ಕೋವಿಯ ಮೈಮೇಲಿನ ಸಂಖ್ಯೆಯೂ ಒಂದೇ. ಎರಡನ್ನೂ ಅಳೆದು ಜೋಡಿ ಮಾಡಿದ್ದಾರೆ. ನನ್ನ ಅಪ್ಪ ಇದನ್ನು ತೋರಿಸಿಯೇ ನನಗೆ ಕೋವಿ ಹಿಡಿಯಲು ಕಲಿಸಿದ್ದು.

ಮೈಸೂರಿನ ಅಣ್ಣ: ಹಾಗಾದರೆ ನಾನೇ ಕಾರಿನಲ್ಲಿ ಹಾಕಿಕೊಂಡು ಹೋಗಿ ಕೋವಿ ರಿಪೇರಿಯವರಿಗೆ ಕೊಡುತ್ತೇನೆ. ನಮಗೆ ಲೈಸೆನ್ಸಿನ ತೊಂದರೆ ಇಲ್ಲವಲ್ಲ.

ನಾನು: ಕೊಡವರಿಗೆ ಕೋವಿ ಲೈಸೆನ್ಸಿನಿಂದ ವಿನಾಯಿತಿ ಇದೆ, 2029ರವರೆಗೆ ವಿಸ್ತರಿಸಿದ್ದಾರೆ, ನಿಜ. ಆದರೆ ಈ ಕೋವಿಯ ವಿನಾಯಿತಿ ಪತ್ರ ಇರುವುದು ದೊಡ್ಡಪ್ಪನ ಹೆಸರಿನಲ್ಲಿ. ಕಾರಿನಲ್ಲಿ ದೊಡ್ಡಪ್ಪ ಇಲ್ಲದಿದ್ದರೆ ಕೋವಿಯೂ ಇರಬಾರದು. ನಮ್ಮ ಒಬ್ಬರ ಅಜಾಗರೂಕತೆಯಿಂದ ನಾಳೆ ಇಡೀ ಕೊಡಗಿನ ವಿನಾಯಿತಿಯ ಮೇಲೆ ಬೆರಳು ತೋರಿಸುವ ಹಾಗಾಗಬಾರದು. ಶುಕ್ರವಾರ ನಾನು ಊರಿಗೆ ಬರುತ್ತೇನೆ. ದೊಡ್ಡಪ್ಪನ ಎದುರಿಗೇ ಬಿಚ್ಚಿ ನೋಡೋಣ.

ಮೈಸೂರಿನ ಅಣ್ಣ: ಸರಿ ತಂಗಿ. ಆದರೆ ಬೋಲ್ಟು ಮುಚ್ಚುವಾಗಲೂ ಕೊನೆಯ ಒಂದಂಗುಲ ಒತ್ತಿ ತಳ್ಳಬೇಕಾಗುತ್ತದೆ. ಅದನ್ನೂ ನೋಡು.

ನಾನು: ಅದು ದೋಷವಲ್ಲ ಅಣ್ಣ. ಈ ಯಂತ್ರದಲ್ಲಿ ಒಳಗಿನ ಸ್ಪ್ರಿಂಗ್ ಬಿಗಿಯುವುದು ಬೋಲ್ಟು ಮುಚ್ಚುವಾಗ. ಹೊಸ ಕೋವಿಯಾಗಿದ್ದಾಗಲೂ ಆ ಕೊನೆಯ ಅಂಗುಲ ಹಾಗೇ ಇತ್ತು.

ಶುಕ್ರವಾರ

ನಾನು: ಮೊದಲು ಮ್ಯಾಗಜಿನ್ ತೆಗೆದು, ಬೋಲ್ಟು ಹಿಂದಕ್ಕೆಳೆದು, ತೋಟಾ ಕೂರುವ ಗೂಡಿಗೆ ಕಿರುಬೆರಳು ಹಾಕಿ ಖಾಲಿ ಎಂದು ನೋಡಿದೆವು. ದೊಡ್ಡಪ್ಪ ಎರಡನೆಯ ಸಲ ತಾವೇ ನೋಡಿದರು. ಬಳಿಕ ಬೋಲ್ಟಿನ ತಲೆಯನ್ನು ಹೆಬ್ಬೆರಳಿನಿಂದ ಮೇಲಕ್ಕೆತ್ತಿದಾಗ ಟಕ್ ಎಂದು ಹಳಿಯಿಂದ ಬಿಟ್ಟಿತು. ಹೊರಗೆ ಬಂದದ್ದನ್ನು ಹೇಗೆ ವರ್ಣಿಸಲಿ? ಬೆಲ್ಲದ ಪಾಕ ಆರಿದ ಹಾಗೆ ಕಂದು ಬಣ್ಣದ ಅಂಟು. ಬೋಲ್ಟು ಜಾರುವ ಹಳಿಯ ಮೂಲೆಯಲ್ಲಿ ಒಣಗಿದ ಗಂಧ, ಕುಂಕುಮ, ಹಬ್ಬಕ್ಕೆ ಕೋವಿಗೆ ಇಡುವ ತೋಕ್ ಪೂ ಎಂಬ ಹೂವಿನ ಒಂದು ಸುಕ್ಕಿದ ಎಸಳು. ಬಿದಿರಿನ ಕಡ್ಡಿಯಿಂದ ಕೆರೆದರೆ ಸುರುಳಿ ಸುರುಳಿಯಾಗಿ ಬರುತ್ತಿದೆ. ಬಿಳಿ ಬಟ್ಟೆ ಕಡ್ಡಿಗೆ ಸುತ್ತಿ ಗೂಡಿನೊಳಗೆ ತಿರುಗಿಸಿದೆ, ಅಲ್ಲಿಯೂ ಎಣ್ಣೆ.

ಗೋಣಿಕೊಪ್ಪದ ಅತ್ತೆ: ಎಣ್ಣೆ ಹಾಕಿದ್ದು ನಾನು. ಪೂಜೆಗೆ ಮುಂಚೆ ಒಳಹಜಾರದ ನೆಲ್ಲಕ್ಕಿ ಬಾಡೆಯ ದೀಪಕ್ಕೆ ಎರೆದು ಉಳಿದ ಎಳ್ಳೆಣ್ಣೆಯನ್ನು ಪ್ರತಿ ವರ್ಷ ಕೋವಿಗೂ ಹಚ್ಚುತ್ತೇನೆ, ಒಳಗೂ ನಾಲ್ಕು ಹನಿ ಬಿಡುತ್ತೇನೆ. ತುಕ್ಕು ಹಿಡಿಯಬಾರದು ಎಂದು ಹಾಗೆ ಮಾಡಿದೆ. ಹಾಳು ಮಾಡಿಬಿಟ್ಟೆನೇ?

ನಾನು: ಇಲ್ಲ ಅತ್ತೆ. ನಮ್ಮ ಮಳೆಗಾಲದಲ್ಲಿ ಇಷ್ಟು ವರ್ಷ ತುಕ್ಕಿನ ಒಂದು ಚುಕ್ಕೆ ಇಲ್ಲ, ಅದು ನಿಮ್ಮ ಕೈಯ ಪುಣ್ಯ. ಆದರೆ ಎಳ್ಳೆಣ್ಣೆ ಗಾಳಿಗೆ ನಿಧಾನವಾಗಿ ಅಂಟಾಗುತ್ತದೆ. ಅಡುಗೆಮನೆಯ ಎಣ್ಣೆ ಡಬ್ಬದ ಹೊರಮೈ ಹೇಗಾಗುತ್ತದೆ, ಹಾಗೆ. ಗೂಡಿನ ಎಣ್ಣೆಯ ತೊಂದರೆ ಬೇರೆ. ಗುಂಡು ಸಿಡಿದಾಗ ತೋಟಾದ ಹಿತ್ತಾಳೆ ಉಬ್ಬಿ ಗೂಡಿನ ಗೋಡೆಯನ್ನು ಹಿಡಿದುಕೊಳ್ಳಬೇಕು. ಗೋಡೆ ಜಿಡ್ಡಾಗಿದ್ದರೆ ಹಿಡಿತ ಸಿಗದೆ ಬೋಲ್ಟಿನ ಮೇಲೆ ಹೆಚ್ಚು ಬಲ ಬೀಳುತ್ತದೆ. ಅಣ್ಣ ಅಂಗೈಯಿಂದ ಗುದ್ದಬೇಕಾಗಿ ಬಂದದ್ದು ಇದರಿಂದಲೇ ಇರಬೇಕು.

ಗೋಣಿಕೊಪ್ಪದ ಅತ್ತೆ: ಕೊಬ್ಬರಿ ಎಣ್ಣೆಯಾದರೆ ಆಗುತ್ತದೆಯೇ?

ನಾನು: ಅದು ಸುಮಾರು 24 ಡಿಗ್ರಿಗೇ ಹೆಪ್ಪುಗಟ್ಟುತ್ತದೆ ಅತ್ತೆ. ಹುತ್ತರಿ ಸುಗ್ಗಿ ಹಬ್ಬದ ಚಳಿಯಲ್ಲಿ ಬೋಲ್ಟು ಮತ್ತೆ ಅಲ್ಲಾಡುವುದಿಲ್ಲ. ಹೊಲಿಗೆ ಯಂತ್ರದ ತೆಳು ಎಣ್ಣೆ ಬೆರಳ ತುದಿಯಷ್ಟು ಸಾಕು. ಹೊಡೆಯುವ ದಿನ ಗೂಡನ್ನೂ ನಳಿಗೆಯನ್ನೂ ಒಣ ಬಟ್ಟೆಯಿಂದ ಒರೆಸಬೇಕು. ಗಂಧ ಕುಂಕುಮ ಮರದ ಹಿಡಿಗೆ ಇಡಿ. ಪೂಜೆ ನಿಲ್ಲಿಸಿ ಎಂದು ನಾನು ಹೇಳುವುದಿಲ್ಲ, ಹೇಳಲಾರೆ.

ಶನಿವಾರ

ನಾನು: ಬೋಲ್ಟನ್ನು ರಾತ್ರಿಯೆಲ್ಲ ಸೀಮೆಎಣ್ಣೆಯಲ್ಲಿ ನೆನೆಹಾಕಿ ಬೆಳಿಗ್ಗೆ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ ಒರೆಸಿದೆ. ಒಳಗಿನ ಸ್ಪ್ರಿಂಗು, ತೋಟಾ ಸಿಡಿಸುವ ಸೂಜಿ ಬಿಚ್ಚಲಿಲ್ಲ. ಅದಕ್ಕೆ ಬೇರೆಯೇ ಸಲಕರಣೆ ಬೇಕು. ಮರಳಿ ಹಾಕುವ ಮುನ್ನ ಎರಡೂ ಸಂಖ್ಯೆ ಒಂದೇ ಎಂದು ದೊಡ್ಡಪ್ಪ ಕನ್ನಡಕ ಹಾಕಿಕೊಂಡು ಓದಿದರು. ಖಾಲಿ ಕೋವಿಯಲ್ಲಿ ಈಗ ಎರಡು ಬೆರಳಿಗೇ ಹಿಡಿ ಏಳುತ್ತದೆ.

ಮೈಸೂರಿನ ಅಣ್ಣ: ಹಾಗಾದರೆ ಹುತ್ತರಿಗೆ ಕದಿರು ಕೊಯ್ಯುವಾಗ ಇದರಿಂದಲೇ ಗುಂಡು ಹಾರಿಸೋಣ!

ದೊಡ್ಡಪ್ಪ: ಅದಕ್ಕೆ ಒಂಟಿ ನಳಿಗೆಯ ಕೋವಿ ಇದೆ. ರೈಫಲ್ಲಿನ ಗುಂಡನ್ನು ಆಕಾಶಕ್ಕೆ ಬಿಡುವುದಿಲ್ಲ, ಎಲ್ಲಿಯೋ ಯಾರದೋ ಅಂಗಳಕ್ಕೆ ಬೀಳುತ್ತದೆ. ಇನ್ನೊಂದು ಮಾತು, ಖಾಲಿ ಕೋವಿ ಸಲೀಸಾಯಿತು ಎಂದರೆ ಅರ್ಧ ಮಾತ್ರ ತಿಳಿದ ಹಾಗೆ. ಗೂಡಿನಲ್ಲಿ ಗುಳಿ ಬಿದ್ದಿದ್ದರೆ ಹಿತ್ತಾಳೆ ಮತ್ತೆ ಅಂಟುತ್ತದೆ. ಬುಧವಾರ ನಾನೇ ಪತ್ರ ಹಿಡಿದು ರಿಪೇರಿಯವರ ಹತ್ತಿರ ಹೋಗುತ್ತೇನೆ, ಬೋಲ್ಟಿನ ಸಂದನ್ನೂ ಅಳೆಸುತ್ತೇನೆ. ಅವರು ಸರಿ ಎನ್ನುವವರೆಗೆ ಯಾರೂ ತೋಟಾ ಹಾಕಬಾರದು. ಖರ್ಚು ಎಲ್ಲ ಮನೆಗೂ ಸಮಪಾಲು.

ದುಬೈ ತಮ್ಮ: ನನ್ನ ಪಾಲು ಈಗಲೇ ಕಳುಹಿಸುತ್ತೇನೆ ದೊಡ್ಡಪ್ಪ. ಅಕ್ಕ, ಆ ಎಸಳಿನ ಚಿತ್ರ ಇದ್ದರೆ ಹಾಕಿ.

ಗೋಣಿಕೊಪ್ಪದ ಅತ್ತೆ: ಹೊಲಿಗೆ ಯಂತ್ರದ ಎಣ್ಣೆಯ ಬಾಟಲಿ ತಂದಿದ್ದೇನೆ. ದೀಪದ ಎಣ್ಣೆಯ ಹತ್ತಿರ ಇಡದೆ ಕೋವಿಯ ಪೆಟ್ಟಿಗೆಯಲ್ಲೇ ಇಡುತ್ತೇನೆ.